ಫಲಕದ ಮೇಲೆ ಉಳಿದ ಮುಳ್ಳು

ನಾಟಿಂಗ್‌ಹ್ಯಾಮಿನ ಕೋಟೆಗುಡ್ಡದ ಬುಡದಲ್ಲಿ, ಬಂಡೆಗೆ ಬೆನ್ನು ಕೊಟ್ಟು ಕೂತಂತೆ, ಒಂದು ಪಾನಗೃಹವಿದೆ. ಅದರ ಹಿಂಬದಿಯ ಕೋಣೆಗಳು ಕಟ್ಟಿದವಲ್ಲ, ಮೆತ್ತನೆಯ ಮರಳುಗಲ್ಲನ್ನು ಕೊರೆದು ಮಾಡಿದವು. ಸುಣ್ಣ ಬಳಿದ ಗೋಡೆಯ ಮೇಲೆ 1189 ಎಂಬ ಇಸವಿ ದೊಡ್ಡದಾಗಿ ಬರೆದಿದೆ. ‘ಸಿಂಹಹೃದಯ’ನೆಂಬ ಬಿರುದಿನ ರಿಚರ್ಡ್ ಪಟ್ಟಕ್ಕೆ ಬಂದ ವರ್ಷ ಅದು. ಧರ್ಮಯುದ್ಧಕ್ಕೆ ಹೊರಟ ಯೋಧರು ಇಲ್ಲಿ ಗಂಟಲು ಒದ್ದೆ ಮಾಡಿಕೊಂಡೇ ಜೆರೂಸಲೇಮಿನ ದಾರಿ ಹಿಡಿದರು ಎಂಬುದು ಅಲ್ಲಿ ಹೇಳಿಕೊಂಡು ಬಂದ ಕಥೆ. ಈಗ ನಿಂತಿರುವ ಕಟ್ಟಡ ಮಾತ್ರ 17ನೇ ಶತಮಾನಕ್ಕಿಂತ ಹಿಂದಕ್ಕೆ ಹೋಗುವಂತೆ ಕಾಣುವುದಿಲ್ಲ. ಇಸವಿಯ ತಂಟೆ ಹಾಗಿರಲಿ. ಇಲ್ಲಿ ಬೇಕಾದದ್ದು ಫಲಕದ ಮೇಲಿನ ಹೆಸರು. ‘ಯೆ ಓಲ್ಡ್ ಟ್ರಿಪ್ ಟು ಜೆರೂಸಲೇಮ್’. ಮೊದಲ ಪದದಲ್ಲಿ ವೈ ಮತ್ತು ಇ ಎಂಬ ಎರಡೇ ಅಕ್ಷರ. ಎರಡನೆಯದು ಎಲ್ಲರಿಗೂ ಗೊತ್ತಿರುವ ‘ಓಲ್ಡ್’. ಆದರೆ ಬಾಲದಲ್ಲಿ ಒಂದು ಇ ಅಂಟಿಸಿಕೊಂಡಿದೆ.

ಇಂಥ ಫಲಕಗಳು ಇಂಗ್ಲೆಂಡಿನಲ್ಲಿ ಬೇಕಾದಷ್ಟಿವೆ. ಲಂಡನ್ನಿನ ಫ್ಲೀಟ್ ಸ್ಟ್ರೀಟಿನಲ್ಲಿ, 1666ರ ಮಹಾಬೆಂಕಿಯ ಮರುವರ್ಷ ಮತ್ತೆ ಕಟ್ಟಿದ ‘ಯೆ ಓಲ್ಡ್ ಚೆಷೈರ್ ಚೀಸ್’ ಇದೆ. ಟೀ ಅಂಗಡಿ, ಮಿಠಾಯಿ ಅಂಗಡಿ, ಹಳೆಯ ಪುಸ್ತಕದಂಗಡಿಗಳಿಗೂ ಈ ಹೆಸರಿನ ಚಟ. ಪ್ರವಾಸಿಗರು ಅದನ್ನು ‘ಯೀ ಓಲ್ಡೀ’ ಎಂದು ರಾಗ ಎಳೆದು ಓದಿ ನಗುತ್ತಾರೆ. ಹಿಂದಿನವರು ಹೀಗೇ ಮಾತಾಡುತ್ತಿದ್ದರು ಎಂದು ನಂಬುವವರೂ ಉಂಟು.

ಹಿಂದಿನವರು ಯಾರೂ ಹಾಗೆ ಮಾತಾಡಿರಲಿಲ್ಲ. ಫಲಕದ ಆ ಎರಡಕ್ಷರದ ಪದ ‘ದಿ’. ಇಂಗ್ಲಿಷ್ ಬಲ್ಲವರ ಬಾಯಲ್ಲಿ ದಿನಕ್ಕೆ ನೂರು ಸಲ ಬರುವ ಅದೇ ‘ದಿ’. ಅಲ್ಲಿ ವೈ ಎಂದು ಕಾಣುತ್ತಿರುವುದು ವೈ ಅಲ್ಲ, ಸತ್ತುಹೋದ ಬೇರೊಂದು ಅಕ್ಷರದ ವೇಷ.

ಬಾನುಲಿಯಲ್ಲಿ ಅಕ್ಷರ ತೋರಿಸುವುದಕ್ಕಾಗುವುದಿಲ್ಲ. ಕೇಳುಗರು ತಮ್ಮ ಅಂಗೈಯ ಮೇಲೆ ಬೆರಳಿನಲ್ಲಿ ಬರೆದುಕೊಳ್ಳಬೇಕು. ಮೊದಲು ನೇರವಾದ ಒಂದು ಕೋಲು. ಆ ಕೋಲಿನ ಬಲಗಡೆ, ಸರಿಯಾಗಿ ನಡುವಿನಲ್ಲಿ, ಒಂದು ಹೊಟ್ಟೆ. ಹೊಟ್ಟೆ ಮೇಲಿದ್ದರೆ ಅದು ಪಿ, ಕೆಳಗಿದ್ದರೆ ಸಣ್ಣ ಬಿ. ಇದು ಎರಡೂ ಅಲ್ಲ, ನಡುವಿನದು. ಇದರ ಹೆಸರು ‘ಥಾರ್ನ್’, ಎಂದರೆ ಮುಳ್ಳು. ಕಡ್ಡಿಯಿಂದ ಪಕ್ಕಕ್ಕೆ ಮೂಡಿದ ಮುಳ್ಳಿನಂತೆಯೇ ಇದೆ ಅದರ ಆಕಾರ.

ಈ ಅಕ್ಷರ ರೋಮಿನಿಂದ ಬಂದದ್ದಲ್ಲ. ಉತ್ತರ ಯುರೋಪಿನ ಜರ್ಮಾನಿಕ್ ಜನ ಮರ, ಮೂಳೆ, ಕಲ್ಲುಗಳ ಮೇಲೆ ಕೊರೆಯುತ್ತಿದ್ದ ರೂನ್ ಲಿಪಿಯ ಮೂರನೆಯ ಅಕ್ಷರ ಇದು. ಚೂರಿಯಿಂದ ಕೊರೆಯುವ ಲಿಪಿಯಾದ್ದರಿಂದ ಅದರಲ್ಲಿ ಗುಂಡು ಗೆರೆಗಳು ಕಡಿಮೆ, ಎಲ್ಲ ಮೂಲೆ ಮೂಲೆ. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ ‘ಫ್ರಾಂಕ್ಸ್ ಕ್ಯಾಸ್ಕೆಟ್’ ಎಂಬ ಪುಟ್ಟ ಪೆಟ್ಟಿಗೆಯಿದೆ. 8ನೇ ಶತಮಾನದ ಆರಂಭದ ಸುಮಾರಿಗೆ ತಿಮಿಂಗಿಲದ ಮೂಳೆಯಲ್ಲಿ ಮಾಡಿದ್ದು. ಅದರ ಅಂಚಿನ ಸುತ್ತ ಚಿತ್ತಾರದಂತೆ ಓಡುವ ಸಾಲುಗಳಲ್ಲಿ ಹೆಚ್ಚಿನವು ಈ ರೂನ್ ಅಕ್ಷರಗಳೇ. ಸ್ಕ್ಯಾಂಡಿನೇವಿಯಾದವರು ಇದೇ ಮೂರನೆಯ ಅಕ್ಷರಕ್ಕೆ ‘ರಾಕ್ಷಸ’ ಎಂಬ ಅರ್ಥದ ಹೆಸರಿಟ್ಟಿದ್ದರು. ಇಂಗ್ಲೆಂಡಿಗೆ ಬಂದ ಮೇಲೆ ರಾಕ್ಷಸ ಹೋಗಿ ಮುಳ್ಳಾಯಿತು.

597ರಲ್ಲಿ ಪೋಪ್ ಗ್ರೆಗರಿ ಕಳಿಸಿದ ಅಗಸ್ಟೀನ್ ಕೆಂಟ್ ಪ್ರಾಂತಕ್ಕೆ ಬಂದಿಳಿದ. ಅವನ ಜೊತೆಗೆ ಬೈಬಲ್ಲೂ ಬಂತು, ಬೈಬಲ್ಲಿನ ಜೊತೆಗೆ ಲ್ಯಾಟಿನ್ ಲಿಪಿಯೂ ಬಂತು. ಸ್ವಲ್ಪ ಕಾಲದಲ್ಲೇ ಅಲ್ಲಿನ ರಾಜ ಎಥೆಲ್‌ಬರ್ಟ್ ತನ್ನ ಕಾನೂನುಗಳನ್ನು ಜನರ ಭಾಷೆಯಲ್ಲೇ ಬರೆಸಿದ. ಆಗ ಒಂದು ಪೇಚಾಟ ಶುರುವಾಯಿತು. ‘ಥಿನ್’, ‘ದಿಸ್’ ಎಂಬ ಪದಗಳ ಮೊದಲಲ್ಲಿ ಬರುವ ಧ್ವನಿ ಲ್ಯಾಟಿನ್ನಿನಲ್ಲಿ ಇಲ್ಲವೇ ಇಲ್ಲ. ಕನ್ನಡಿಗರು ಅದನ್ನು ಥ, ದ ಎಂದು ಹೇಳಿ ಮುಗಿಸುತ್ತಾರೆ. ಇಂಗ್ಲಿಷರ ನಾಲಿಗೆ ತುದಿ ಹಲ್ಲುಗಳ ನಡುವೆ ಇಣುಕಿ, ಆ ಸಂದಿನಿಂದ ಗಾಳಿ ಸುಯ್ಯೆಂದು ಸೋರಬೇಕು. ಈ ಸೋರುವ ಗಾಳಿಗೆ ರೋಮನ್ನರ ಪೆಟ್ಟಿಗೆಯಲ್ಲಿ ಅಕ್ಷರವಿರಲಿಲ್ಲ. ಪಾದ್ರಿಗಳು ಒಮ್ಮೆ ಟಿ-ಎಚ್ ಸೇರಿಸಿ ನೋಡಿದರು, ಒಮ್ಮೆ ಡಿ ಬರೆದು ನೋಡಿದರು, ಆಮೇಲೆ ಡಿಯ ನೆತ್ತಿಗೆ ಒಂದು ಅಡ್ಡಗೀಟು ಎಳೆದು ‘ಎಥ್’ ಎಂಬ ಹೊಸ ಅಕ್ಷರವನ್ನೂ ಮಾಡಿಕೊಂಡರು. ಅದರ ಜೊತೆಗೇ, ಅಜ್ಜಂದಿರ ರೂನ್ ಲಿಪಿಯಿಂದ ಮುಳ್ಳನ್ನು ಕಿತ್ತು ತಂದು ಲ್ಯಾಟಿನ್ ಅಕ್ಷರಗಳ ಪಂಕ್ತಿಯಲ್ಲಿ ಕೂರಿಸಿದರು. ಅನ್ಯಧರ್ಮದ ಲಿಪಿಯ ಅಕ್ಷರಕ್ಕೆ ಮಠದ ಬರವಣಿಗೆಯಲ್ಲಿ ಮಣೆ ಸಿಕ್ಕಿತು. ಮಡಿವಂತಿಕೆಗಿಂತ ಅನುಕೂಲ ದೊಡ್ಡದು.

ಮುಂದೆ ಐನೂರು ವರ್ಷ ಮುಳ್ಳು ಸುಖವಾಗಿ ಬಾಳಿತು. 1000ದ ಆಸುಪಾಸಿನಲ್ಲಿ ನಕಲು ಮಾಡಿದ ‘ಬೇವುಲ್ಫ್’ ಕಾವ್ಯದ ಹಸ್ತಪ್ರತಿಯನ್ನು ಎಲ್ಲಿ ತೆರೆದರೂ ಮುಳ್ಳುಗಳು ನೆಟ್ಟಗೆ ನಿಂತಿವೆ. 1066ರಲ್ಲಿ ನಾರ್ಮನ್ನರು ಬಂದ ಮೇಲೆ ಗಾಳಿ ತಿರುಗಿತು. ಫ್ರೆಂಚ್ ಪದ್ಧತಿಯಲ್ಲಿ ಪಳಗಿದ ಲಿಪಿಕಾರರಿಗೆ ಈ ಹಳ್ಳಿಯ ಅಕ್ಷರಗಳೆಂದರೆ ಅಷ್ಟಕ್ಕಷ್ಟೆ. ಎಥ್ 1300ರ ಹೊತ್ತಿಗೆ ಹೆಚ್ಚುಕಡಿಮೆ ಮಾಯವಾಯಿತು. ಮುಳ್ಳು ಮಾತ್ರ ಹಠ ಹಿಡಿದು ಕೂತಿತು. ಆದರೆ ಕೂತಲ್ಲೇ ಅದರ ಮೈ ಕರಗತೊಡಗಿತು.

ಇಲ್ಲಿ ಮತ್ತೆ ಅಂಗೈ ಬೇಕು. ಅವಸರದಲ್ಲಿ ನೂರು ಪುಟ ಬರೆಯುವ ಲಿಪಿಕಾರ ಕೋಲಿನ ಮೇಲ್ತುದಿಯನ್ನು ಸ್ವಲ್ಪ ಸ್ವಲ್ಪವೇ ಮೊಟಕು ಮಾಡಿದ. ಕೋಲು ಗಿಡ್ಡವಾದ ಮೇಲೆ ಹೊಟ್ಟೆಯೇ ಅಕ್ಷರದ ತಲೆಯಾಯಿತು. ಹೊಟ್ಟೆಯನ್ನು ಪೂರ್ತಿ ಮುಚ್ಚುವುದಕ್ಕೂ ಪುರುಸೊತ್ತಿಲ್ಲ. ಮೇಲುಗಡೆ ಬಾಯಿ ಬಿಟ್ಟುಕೊಂಡಿತು. ಕೆಳಗೆ ಬಾಲ ಇಳಿದಿದೆ, ಮೇಲೆ ಬಾಯಿ ತೆರೆದಿದೆ. ಈಗ ಅಂಗೈಯಲ್ಲಿರುವುದು ಅಚ್ಚುಕಟ್ಟಾದ ವೈ! ಉತ್ತರ ಇಂಗ್ಲೆಂಡಿನಲ್ಲಿಯೂ ಸ್ಕಾಟ್ಲೆಂಡಿನಲ್ಲಿಯೂ ಈ ಎರಡು ಅಕ್ಷರಗಳು ಒಂದೇ ಆಗಿಹೋದವು. ಬೇರೆ ಕಡೆಯ ಕೆಲವು ಲಿಪಿಕಾರರು ಗೊಂದಲವಾಗದಿರಲೆಂದು ನಿಜವಾದ ವೈ ತಲೆಯ ಮೇಲೆ ಒಂದು ಚುಕ್ಕಿ ಇಡುತ್ತಿದ್ದರು. ಕನ್ನಡದಲ್ಲಿ ಅವಸರದ ಕೈಬರಹದ ಪ ಯಾವುದು, ವ ಯಾವುದು ಎಂದು ತಲೆ ಕೆರೆದುಕೊಂಡವರಿಗೆ ಈ ಕಷ್ಟ ಬಿಡಿಸಿ ಹೇಳಬೇಕಾಗಿಲ್ಲ.

ವಿಲಿಯಂ ಕ್ಯಾಕ್ಸ್‌ಟನ್ 1476ರಲ್ಲಿ ವೆಸ್ಟ್‌ಮಿನ್‌ಸ್ಟರಿನಲ್ಲಿ ಇಂಗ್ಲೆಂಡಿನ ಮೊದಲ ಅಚ್ಚುಕೂಟ ತೆರೆದ. ಈ ಘಟ್ಟದಲ್ಲಿ ಒಂದು ಜನಪ್ರಿಯ ಕಥೆ ಇದೆ: ಅಚ್ಚಿನ ಮೊಳೆಗಳು ಸಮುದ್ರದಾಚೆಯಿಂದ ಬಂದವು, ಅವುಗಳಲ್ಲಿ ಥಾರ್ನ್ ಇರಲಿಲ್ಲ, ಹಾಗಾಗಿ ಅಚ್ಚುಮೊಳೆ ಜೋಡಿಸುವವರು ವೈ ಹಾಕಿ ಕೆಲಸ ಮುಗಿಸಿದರು. ಕಥೆ ಅರ್ಧ ನಿಜ. ಕ್ಯಾಕ್ಸ್‌ಟನ್ ಅಚ್ಚಿನ ವಿದ್ಯೆ ಕಲಿತದ್ದು ಕಲೋನ್‌ನಲ್ಲಿ, ಮೊದಲ ಪುಸ್ತಕ ಅಚ್ಚು ಹಾಕಿದ್ದು ಬ್ರೂಜ್‌ನಲ್ಲಿ. ಮೊಳೆಗಳೂ ಆ ಕಡೆಯವರು ಎರಕ ಹೊಯ್ದವೇ. ಆದರೆ ಅಚ್ಚುಮೊಳೆ ಕಡಲು ದಾಟುವ ಮೊದಲೇ ಲಿಪಿಕಾರನ ಲೇಖನಿ ಮುಳ್ಳನ್ನು ವೈ ಮಾಡಿ ಮುಗಿಸಿತ್ತು. ಅಚ್ಚಿನವರು ಕಂಡದ್ದನ್ನು ಕೂರಿಸಿದರು, ಅಷ್ಟೆ. ತಪ್ಪನ್ನೆಲ್ಲ ಯಂತ್ರದ ತಲೆಗೆ ಕಟ್ಟುವ ಅಭ್ಯಾಸ ಈಗಿನದಷ್ಟೇ ಅಲ್ಲವೆಂದು ಕಾಣುತ್ತದೆ. ಹಾಗೆಂದು ಅಚ್ಚುಕೂಟದವರು ಪೂರಾ ನಿರಪರಾಧಿಗಳೂ ಅಲ್ಲ. ‘ಗೋಸ್ಟ್’ ಪದದ ನಡುವೆ ಸುಮ್ಮನೆ ನಿಂತಿರುವ ಎಚ್, ಫ್ಲೆಮಿಶ್ ಕಾಗುಣಿತದ ರೂಢಿಯಿಂದ ಅವರ ಕೈಯಲ್ಲಿ ನುಸುಳಿದ್ದು ಎಂದೇ ಪಂಡಿತರು ಹೇಳುತ್ತಾರೆ.

ಬರಹದಲ್ಲಿ ವೈ ಆದ ಮುಳ್ಳು ಹೆಚ್ಚಾಗಿ ಕಾಣಿಸಿಕೊಂಡದ್ದು ಸಂಕ್ಷೇಪಗಳಲ್ಲಿ. ವೈ ಬರೆದು ಅದರ ತಲೆಯ ಮೇಲೆ ಪುಟ್ಟದೊಂದು ಇ ಇಟ್ಟರೆ ‘ದಿ’. ಪುಟ್ಟ ಟಿ ಇಟ್ಟರೆ ‘ದ್ಯಾಟ್’. ಮೇಲೇರಿದ ಆ ಪುಟ್ಟ ಅಕ್ಷರವೇ ‘ಇದು ಸಂಕ್ಷೇಪ, ಪೂರ್ತಿ ಓದಿಕೋ’ ಎಂಬ ಸನ್ನೆ. ಕನ್ನಡದ ಹಳೆಯ ಪತ್ರಗಳಲ್ಲಿ ‘ಮ||ರಾ||ಶ್ರೀ||’ ಎಂದು ಬರೆಯುತ್ತಿದ್ದರು. ವಿಳಾಸದಲ್ಲಿ ಈಗಲೂ ‘ತಾ||’ ಎನ್ನುತ್ತಾರೆ. ಅದನ್ನು ಯಾರೂ ‘ಮರಾಶ್ರೀ’ ಎಂದು ಓದಲಿಲ್ಲ, ಮಹಾರಾಜಶ್ರೀ ಎಂದೇ ಓದಿದರು. ‘ತಾ’ ಕಂಡ ಅಂಚೆಯವರು ತಾಲ್ಲೂಕು ಎಂದೇ ತಿಳಿದರು. ಪಕ್ಕದ ಎರಡು ಗೀಟು ಅಳಿಸಿ, ಇನ್ನೂರು ವರ್ಷ ಕಳೆದ ಮೇಲೆ ಯಾರದೋ ಕೈಗೆ ಕೊಟ್ಟರೆ ಏನಾಗಬಹುದೋ, ಇಂಗ್ಲಿಷಿನ ‘ದಿ’ಗೆ ಆದದ್ದೂ ಅದೇ.

1611ರಲ್ಲಿ ಕಿಂಗ್ ಜೇಮ್ಸ್ ಬೈಬಲ್ ಅಚ್ಚಾದಾಗ, ಅಂಕಣದ ಅಗಲ ಸಾಲದ ಕೆಲವು ಕಡೆ ಈ ಸಂಕ್ಷೇಪವನ್ನೇ ಬಳಸಿದರು. ಪಕ್ಕದ ಸಾಲಿನಲ್ಲಿ ಜಾಗವಿದ್ದರೆ ಟಿ, ಎಚ್, ಇ ಮೂರನ್ನೂ ಬಿಡಿಸಿ ಜೋಡಿಸಿದ್ದಾರೆ. ಸ್ಟ್ರ್ಯಾಟ್‌ಫರ್ಡಿನ ಹೋಲಿ ಟ್ರಿನಿಟಿ ಚರ್ಚಿನಲ್ಲಿ 1616ರಲ್ಲಿ ತೀರಿಕೊಂಡ ಶೇಕ್ಸ್‌ಪಿಯರನ ಸಮಾಧಿಯ ಚಪ್ಪಡಿಯ ಮೇಲೆ ನಾಲ್ಕು ಸಾಲಿನ ಬರಹವಿದೆ. ನನ್ನ ಮೂಳೆಗಳನ್ನು ಅಲುಗಿಸಿದವನಿಗೆ ಶಾಪ ತಗಲಲಿ ಎಂಬ ಅರ್ಥದ ಬೆದರಿಕೆ ಅದು. ಅದರಲ್ಲಿ ವೈ ಮೇಲೆ ಇ ಹೊತ್ತ ‘ದಿ’ ಒಂದಿದೆ, ವೈ ಮೇಲೆ ಟಿ ಹೊತ್ತ ‘ದ್ಯಾಟ್’ ಎರಡಿವೆ. ಅಲ್ಲೇ ಮೇಲಿನ ಸಾಲಿನಲ್ಲಿ ಇನ್ನೊಂದು ‘ದಿ’ ಟಿ-ಎಚ್ ತೊಟ್ಟುಕೊಂಡು ನಿಂತಿದೆ. ಒಂದೇ ಕಲ್ಲಿನ ಮೇಲೆ ಒಂದೇ ಪದ ಎರಡು ಉಡುಪಿನಲ್ಲಿ! ಕೆತ್ತುವವನಿಗಾಗಲಿ ಓದುವವರಿಗಾಗಲಿ ಅದು ತೊಡಕೆನಿಸಲಿಲ್ಲ, ಏಕೆಂದರೆ ಬಾಯಿಗೆ ಎರಡೂ ಒಂದೇ.

ಐಸಾಕ್ ನ್ಯೂಟನ್ನನ ಕೇಂಬ್ರಿಜ್ ಟಿಪ್ಪಣಿಗಳ ತುಂಬ ಇದೇ ವೈ. ಬೆಳಕು, ಬಣ್ಣ, ಪಟ್ಟಕದ ಬಗ್ಗೆ ಬರೆಯುವಾಗಲೂ ಅವನ ‘ದಿ’ಗಳು ವೈ-ಇ, ‘ದ್ಯಾಟ್’ಗಳು ವೈ-ಟಿ. ಅಟ್ಲಾಂಟಿಕ್ ದಾಟಿ 1620ರಲ್ಲಿ ಪ್ಲಿಮತ್‌ನಲ್ಲಿ ನೆಲೆಯೂರಿದವರ ಗವರ್ನರ್ ವಿಲಿಯಂ ಬ್ರ್ಯಾಡ್‌ಫರ್ಡ್ ಬರೆದಿಟ್ಟ ವಸಾಹತಿನ ಚರಿತ್ರೆಯಲ್ಲಿಯೂ ಅದೇ. 1647ರಲ್ಲಿ ಮ್ಯಾಸಚೂಸೆಟ್ಸ್ ವಸಾಹತು, ಊರೂರಿಗೆ ಶಾಲೆ ಬೇಕೆಂದು ಒಂದು ಕಾನೂನು ಮಾಡಿತು. ಜನರನ್ನು ಧರ್ಮಗ್ರಂಥದ ಅರಿವಿನಿಂದ ದೂರವಿಡುವುದು ಸೈತಾನನ ಹುನ್ನಾರ ಎನ್ನುವ ಅದರ ಪೀಠಿಕೆಯಲ್ಲಿ ‘ಮುದಿ ವಂಚಕ’ ಸೈತಾನನ ಹಿಂದೆ ನಿಂತ ‘ದಿ’ ಕೂಡ ವೈಯದೇ. ಆ ಹಸ್ತಪ್ರತಿಗಳನ್ನು ಅಚ್ಚು ಹಾಕುವಾಗ ಮೇಲೇರಿ ಕೂತಿದ್ದ ಪುಟ್ಟ ಇ ಎಷ್ಟೋ ಕಡೆ ಕೆಳಗಿಳಿದು ವೈಯ ಪಕ್ಕದಲ್ಲಿ ಸಮಸಮನಾಗಿ ಕೂತುಬಿಟ್ಟಿತು. ಸನ್ನೆ ಅಳಿಸಿತು. ಉಳಿದದ್ದು ವೈ, ಇ.

18ನೇ ಶತಮಾನದಲ್ಲಿ ಅಚ್ಚಿನಿಂದ ಮೊದಲು, ಆಮೇಲೆ ಕೈಬರಹದಿಂದಲೂ ಈ ಸಂಕ್ಷೇಪ ಮರೆಯಾಯಿತು. ಅಜ್ಜ ಬರೆದದ್ದನ್ನು ಗಟ್ಟಿಯಾಗಿ ಓದಿ ಹೇಳುವವರು ಮನೆಯಲ್ಲಿ ಇರುವ ತನಕ ಅದು ‘ದಿ’ ಆಗಿಯೇ ಇತ್ತು. ಓದಿ ಹೇಳುವ ಕೊಂಡಿ ಕಳಚಿದ ಮೇಲೆ ಕಣ್ಣಿಗೆ ಕಂಡದ್ದೇ ಸತ್ಯವಾಯಿತು. ಕೈ ಎಷ್ಟೇ ಸೋಮಾರಿಯಾಗಿದ್ದರೂ, ಬರೆಯುತ್ತಿದ್ದ ಅಷ್ಟೂ ಶತಮಾನ ಬಾಯಿ ಒಮ್ಮೆಯೂ ತಪ್ಪಿರಲಿಲ್ಲ.

ವಿಕ್ಟೋರಿಯಾ ರಾಣಿಯ ಕಾಲ ಬಂತು. ರೈಲು, ಹೊಗೆ, ಕಾರ್ಖಾನೆಗಳ ನಡುವೆ ಇಂಗ್ಲಿಷರಿಗೆ ತಮ್ಮ ಹಳೆಯ ಕಾಲದ ಮೇಲೆ ಎಲ್ಲಿಲ್ಲದ ಮೋಹ ಹುಟ್ಟಿತು. 1884ರಲ್ಲಿ ಲಂಡನ್ನಿನ ಸೌತ್ ಕೆನ್ಸಿಂಗ್‌ಟನ್‌ನಲ್ಲಿ ಅಂತಾರಾಷ್ಟ್ರೀಯ ಆರೋಗ್ಯ ಪ್ರದರ್ಶನ ನಡೆದಾಗ, ಹೆಚ್ಚು ಜನ ಮುಗಿಬಿದ್ದ ಆಕರ್ಷಣೆಗಳಲ್ಲಿ ಒಂದು, ಹಳೆಯ ಲಂಡನ್ನಿನ ಬೀದಿಯೊಂದರ ಪ್ರತಿಕೃತಿ. ಆರೋಗ್ಯಕ್ಕೂ ಅದಕ್ಕೂ ಏನು ಸಂಬಂಧ ಎಂದು ಕೇಳಬಾರದು. ಅದೇ ವರ್ಷಗಳಲ್ಲಿ ಆಂಡ್ರೂ ಟೂಅರ್ ಎಂಬಾತ ಪಾಲುಗಾರನೊಂದಿಗೆ ನಡೆಸುತ್ತಿದ್ದ ಅಚ್ಚುಕೂಟ ತನ್ನ ಹೆಸರನ್ನು ‘ಯೆ ಲೆಡನ್‌ಹಾಲ್ ಪ್ರೆಸ್’ ಎಂದು, ಕಂಡಕಂಡ ಪದಕ್ಕೆಲ್ಲ ಬಾಲದ ಇ ತೊಡಿಸಿ, ಹಳೆಯ ಮಾದರಿಯ ಮೊಳೆಗಳಲ್ಲಿ ಅಚ್ಚು ಹಾಕುತ್ತಿತ್ತು. ಟೂಅರ್ ಅಜ್ಞಾನಿಯಲ್ಲ, ಹಳೆಯ ಪುಸ್ತಕಗಳನ್ನು ಹುಡುಕಿ ಓದಿದವನು. ಅವನಿಗೆ ಅದು ತಮಾಷೆ. ತಮಾಷೆ ಅಂಗಡಿಬೀದಿಗೆ ಇಳಿದಾಗ ಉತ್ಸಾಹ ಉಳಿಯಿತು, ತಿಳಿವು ಉಳಿಯಲಿಲ್ಲ.

ಗೊಂದಲಕ್ಕೆ ಇನ್ನೊಂದು ಕಾರಣವೂ ಇತ್ತು. ಇಂಗ್ಲಿಷಿನಲ್ಲಿ ‘ಯೀ’ ಎಂಬ ಬೇರೊಂದು ಪದ ನಿಜವಾಗಿಯೂ ಇದೆ, ಅರ್ಥ ‘ನೀವು’. ಬೈಬಲ್ ಓದಿದವರಿಗೂ ಚರ್ಚಿನಲ್ಲಿ ಹಾಡಿದವರಿಗೂ ಅದು ಚಿರಪರಿಚಿತ. ಅದರ ವೈ ಹುಟ್ಟಾ ವೈ, ಯಾವ ವೇಷವೂ ಅಲ್ಲ. ಕಾಗುಣಿತ ಒಂದೇ ಆದ್ದರಿಂದ ಫಲಕದ ವೇಷಧಾರಿಗೂ ಅದೇ ಉಚ್ಚಾರ ಅಂಟಿತು. ‘ನೀವು ಹಳೆಯ ಟೀ ಅಂಗಡಿ’ ಎಂದು ಅರ್ಥವಾಗುತ್ತದಲ್ಲ ಎಂದು ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ.

‘ಓಲ್ಡ್’ ಪದದ ಬಾಲದ ಇ ಬಗ್ಗೆ ಮಾತ್ರ ಅವಸರದ ತೀರ್ಪು ಬೇಡ. ಅದು ಶೋಕಿಗೆ ಅಂಟಿಸಿದ್ದು ಎಂದು ಎಲ್ಲರೂ ತಿಳಿಯುತ್ತಾರೆ. ಅಂಟಿಸಿದವರ ಉದ್ದೇಶವೂ ಅಷ್ಟೇ ಇದ್ದೀತು. ಆದರೆ 1400ರಲ್ಲಿ ತೀರಿಕೊಂಡ ಕವಿ ಚಾಸರನ ಇಂಗ್ಲಿಷಿನಲ್ಲಿ ‘ಓಲ್ಡ್’ನಂಥ ವಿಶೇಷಣದ ಹಿಂದೆ ‘ದಿ’ ಬಂದರೆ ಅದರ ಕೊನೆಗೆ ಒಂದು ಇ ಬರಲೇಬೇಕಿತ್ತು. ಅದು ವಿಭಕ್ತಿಪ್ರತ್ಯಯದ ಪಳೆಯುಳಿಕೆ. ಅದನ್ನು ಮೆಲ್ಲಗೆ ‘ಓಲ್ಡ’ ಎಂಬಂತೆ ಉಚ್ಚರಿಸುತ್ತಿದ್ದರು, ಇಲ್ಲದಿದ್ದರೆ ಅವನ ಛಂದಸ್ಸಿನಲ್ಲಿ ಮಾತ್ರೆ ತಪ್ಪಿದಂತೆ ಸಾಲು ಕುಂಟುತ್ತದೆ. ಹಾಗಾಗಿ ‘ದಿ’ ಆದ ಮೇಲೆ ‘ಓಲ್ಡ’ ಬರೆದ ಫಲಕದವನು, ತನಗೇ ಗೊತ್ತಿಲ್ಲದೆ, 14ನೇ ಶತಮಾನದ ವ್ಯಾಕರಣವನ್ನು ಚಾಚೂ ತಪ್ಪದೆ ಪಾಲಿಸಿದ್ದಾನೆ. ಮುಳ್ಳಿನ ಪರೀಕ್ಷೆಯಲ್ಲಿ ಸೋತವನು ಬಾಲದ ಪರೀಕ್ಷೆಯಲ್ಲಿ ಕಾಪಿ ಹೊಡೆಯದೆಯೂ ಪಾಸಾದ.

ಸ್ಕಾಟ್ಲೆಂಡಿನಲ್ಲಿ ಇದೇ ಬಗೆಯ ಇನ್ನೊಂದು ಅವಘಡವಾಯಿತು. ‘ಯೋಖ್’ ಎಂಬ ಅಕ್ಷರವಿತ್ತು, ಅಂಕಿ ಮೂರರಂತೆ ಕಾಣುತ್ತಿತ್ತು, ಯಕಾರವೂ ಗಂಟಲಿನ ಧ್ವನಿಗಳೂ ಅದರ ಪಾಲಿಗೆ. ಇಂಗ್ಲೆಂಡಿನಲ್ಲಿ ಅದು ‘ನೈಟ್’ ಪದದ ಮೂಕ ಜಿ-ಎಚ್ ಆಗಿ ಕೊನೆಗಂಡಿತು. ಸ್ಕಾಟ್ಲೆಂಡಿನ ಅಚ್ಚಿನವರು ಬಾಲವಿದ್ದ ಜ಼ೆಡ್ ಹಾಕಿದರು. ಅದರ ಫಲವಾಗಿ ‘ಮೆನ್ಜೀಸ್’ ಎಂದು ಬರೆಯುವ ಮನೆತನದ ಹೆಸರನ್ನು ಅಲ್ಲಿ ‘ಮಿಂಗಿಸ್’ ಎನ್ನುತ್ತಾರೆ. ‘ಡಾಲ್ಜೀಲ್’ ಎಂದು ಕಾಣುವುದು ‘ಡೀಯೆಲ್’. ಆಸ್ಟ್ರೇಲಿಯಾದ ಪ್ರಧಾನಿಯಾಗಿದ್ದ, ಕ್ರಿಕೆಟ್ ಹುಚ್ಚಿನ ರಾಬರ್ಟ್ ಮೆನ್ಜೀಸ್ ತನ್ನ ಹೆಸರನ್ನು ಬರೆದಂತೆಯೇ ಹೇಳಿಕೊಳ್ಳುತ್ತಿದ್ದರೂ ಜನ ಇಟ್ಟ ಅಡ್ಡಹೆಸರು ‘ಮಿಂಗ್’. ಸತ್ತ ಅಕ್ಷರ ಅಡ್ಡಹೆಸರಿನಲ್ಲಿ ಉಸಿರಾಡಿತು.

ಥಾರ್ನ್ ಎಲ್ಲ ಕಡೆಯೂ ಸತ್ತಿಲ್ಲ. ಇಂಗ್ಲೆಂಡಿನಿಂದಲೇ ಎರವಲು ಪಡೆದ ಐಸ್‌ಲ್ಯಾಂಡಿನವರು ಅದನ್ನು ಇಂದಿಗೂ ಪತ್ರಿಕೆಯಲ್ಲಿ, ಪಠ್ಯಪುಸ್ತಕದಲ್ಲಿ, ಬಸ್ಸಿನ ಬೋರ್ಡಿನಲ್ಲಿ ಬರೆಯುತ್ತಾರೆ. ಅಲ್ಲಿ ಎಥ್ ಕೂಡ ಇದೆ. ಸಾಲ ಕೊಟ್ಟವನು ದಿವಾಳಿ, ಸಾಲ ತಂದವನ ಮನೆಯಲ್ಲಿ ಒಡವೆ ಭದ್ರ.

ಹಳಗನ್ನಡ ಬಲ್ಲವರಿಗೆ ಇಷ್ಟು ಹೊತ್ತಿಗೆ ಒಂದು ಅಕ್ಷರ ನೆನಪಾಗಿರಬೇಕು. ರಳ, ೞ. ಹಿಂದೆ ‘ಬಾಳ್’ ಎಂದರೆ ಕತ್ತಿ, ‘ಬಾೞ್’ ಎಂದರೆ ಬದುಕು. ಈಗ ಎರಡಕ್ಕೂ ಒಂದೇ ಳ. ಏೞು ಏಳಾಯಿತು, ಕೞ್ತೆ ಕತ್ತೆಯಾಯಿತು. 13ನೇ ಶತಮಾನದ ವೈಯಾಕರಣ ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ೞ ಇರುವ ಪದಗಳನ್ನು ಪಟ್ಟಿ ಮಾಡಿ ಕೊಡುತ್ತಾನೆ. ಪಟ್ಟಿ ಬೇಕಾಯಿತು ಎಂದರೇ ಬರೆಯುವವರು ಆಗಲೇ ತಪ್ಪುತ್ತಿದ್ದರು ಎಂದು ಲೆಕ್ಕ. ಇಂಗ್ಲಿಷಿನ ಕಥೆಗೆ ಇದು ತಿರುಗುಮುರುಗು: ಅಲ್ಲಿ ಧ್ವನಿ ಉಳಿದು ಅಕ್ಷರ ಹೋಯಿತು, ಇಲ್ಲಿ ಬಾಯಲ್ಲಿ ಧ್ವನಿ ಸವೆದ ಮೇಲೆ ಅಕ್ಷರ ಹಿಂಬಾಲಿಸಿತು.

ವೇಷದ ಪ್ರಸಂಗ ೞಕ್ಕೂ ತಪ್ಪಲಿಲ್ಲ. ಜಗತ್ತಿನ ಲಿಪಿಗಳಿಗೆಲ್ಲ ಕಂಪ್ಯೂಟರಿನಲ್ಲಿ ಸಂಖ್ಯೆ ಕೊಡುವ ಯುನಿಕೋಡ್ ಪಟ್ಟಿಯಲ್ಲಿ ಕನ್ನಡದ ಈ ಅಕ್ಷರಕ್ಕೆ ದಾಖಲಾದ ಹೆಸರು ‘ಫ’, ಇಂಗ್ಲಿಷಿನ ‘ಫ್ಯಾನ್’ ಪದದ ಎಫ್‌ ಧ್ವನಿಯ ಫ. ಹಳಗನ್ನಡದ ಯಾವ ಮೂಲೆಯಲ್ಲಿ ಹುಡುಕಿದರೂ ಅಂಥ ಅಕ್ಷರ ಸಿಗದು. ಒಮ್ಮೆ ಕೊಟ್ಟ ಹೆಸರನ್ನು ಬದಲಿಸುವಂತಿಲ್ಲ ಎಂಬುದು ಆ ಪಟ್ಟಿಯ ನಿಯಮ. ಹಾಗಾಗಿ ಹೆಸರು ತಪ್ಪು ಎಂದು ಪಕ್ಕದಲ್ಲಿ ಟಿಪ್ಪಣಿ ಬರೆದು, ಎಲ್ ಅಕ್ಷರವನ್ನು ಮೂರು ಸಲ ಬರೆದ ಸರಿಯಾದ ಹೆಸರನ್ನು ಉಪನಾಮವಾಗಿ ಸೇರಿಸಿದ್ದಾರೆ. ‘ಫ’ ಮಾತ್ರ ಕದಲಿಲ್ಲ. ಅದೇ ಪಟ್ಟಿಯಲ್ಲಿ ಥಾರ್ನಿಗೂ ಜಾಗವಿದೆ. ದೊಡ್ಡಕ್ಷರದ ಥಾರ್ನಿನ ಸಂಖ್ಯೆ ಸೊನ್ನೆ, ಸೊನ್ನೆ, ಡಿ, ಇ. ನಮ್ಮ ೞದ್ದು ಸೊನ್ನೆ, ಸಿ, ಡಿ, ಇ.